ದೆಹಲಿಗೆ ಒಂದೇ ಸೀಟು

ನನ್ನ ಮುಂದೆ ಎಷ್ಟು ಜನ ಇದ್ದಾರೆಂದು ಎಣಿಸದೆ ನಾನು ಯಾವ ಸಾಲಿನಲ್ಲೂ ನಿಂತವನಲ್ಲ. ಮೊದಲು ತಲೆ ಎಣಿಸುತ್ತೇನೆ, ಆಮೇಲೆ ಪೆಟ್ಟಿಗೆ ಎಣಿಸುತ್ತೇನೆ, ಒಬ್ಬೊಬ್ಬರಿಗೆ ಎಷ್ಟು ನಿಮಿಷ ಹಿಡಿಯುತ್ತಿದೆ ಎಂದು ಗಡಿಯಾರ ನೋಡಿ ಗುಣಿಸುತ್ತೇನೆ. ಗುಣಿಸಿ ಮುಗಿಯುವಷ್ಟರಲ್ಲಿ ಪಕ್ಕದ ಸಾಲು ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ಅಲ್ಲಿಂದ ನನ್ನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

ಹಾಸನದ ಆಲೂಗೆಡ್ಡೆ ಬೆಳೆಗಾರರ ಒಂದು ಸಂಘಕ್ಕೆ ನಾನು ಬಹಳ ವರ್ಷ ಕಾರ್ಯದರ್ಶಿಯಾಗಿದ್ದೆ. ನಮ್ಮ ಕಡೆ ಗೆಡ್ಡೆ ಚೆನ್ನಾಗಿ ಬೆಳೆಯುತ್ತದೆ. ಆದರೆ ಬಿತ್ತನೆಯ ಗೆಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು. ಅಲ್ಲಿನ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಬಿಚ್ಚಿಸಿ, ಗೆಡ್ಡೆ ಕೊಯ್ದು ನೋಡಿ, ಒಪ್ಪಿಗೆಯಾದದ್ದಕ್ಕೆ ಗುರುತು ಹಾಕಿಸಿ, ಲಾರಿಗೆ ತುಂಬಿಸಿ ಬರುವುದು ನನ್ನ ಕೆಲಸ. ರೈಲಿನಲ್ಲಿ ಹೋಗಿ ಬರುವುದಕ್ಕೇ ವಾರ ಕಳೆಯುತ್ತದೆಂದು ತೊಂಬತ್ತರ ದಶಕದ ಮೊದಲಲ್ಲೇ ಸಂಘದವರು ವಿಮಾನಕ್ಕೆ ಒಪ್ಪಿದರು. ಮಾಘದಿಂದ ಚೈತ್ರ ಕಳೆಯುವವರೆಗೆ ತಿಂಗಳಿಗೆ ಮೂರು ನಾಲ್ಕು ಸಲ ನಾನು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಇರುತ್ತಿದ್ದೆ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ನನ್ನಷ್ಟು ವಿಮಾನ ಹತ್ತಿದವರು ಯಾರೂ ಇರಲಿಲ್ಲ. ಹತ್ತಿ ಕೂತದ್ದು ಕಡಿಮೆ. ಹತ್ತಲು ನಿಂತದ್ದೇ ಹೆಚ್ಚು.

ಆಗಿನ ನಿಲ್ದಾಣದಲ್ಲಿ ಸಾಲಿಗೆ ಬರವಿರಲಿಲ್ಲ. ಬಾಗಿಲಲ್ಲಿ ಟಿಕೆಟ್ ತೋರಿಸಲು ಒಂದು ಸಾಲು, ಪೆಟ್ಟಿಗೆಯನ್ನು ಎಕ್ಸ್-ರೇ ಯಂತ್ರಕ್ಕೆ ಹಾಕಲು ಒಂದು, ಅದಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿಸಿಕೊಂಡು ಕೌಂಟರಿನ ಮುಂದೆ ಒಂದು, ಮೈ ತಡವಿಸಿಕೊಳ್ಳಲು ಇನ್ನೊಂದು. ಅಲ್ಲಿ ಕೈಚೀಲದ ಚೀಟಿಯ ಮೇಲೆ ಮೊಹರು ಬೀಳದಿದ್ದರೆ ವಿಮಾನದ ಬುಡದಿಂದಲೇ ವಾಪಸು ಕಳಿಸುತ್ತಿದ್ದರು. ಕೆಲವು ಸಲ ವಿಮಾನದ ಪಕ್ಕದಲ್ಲಿ ಬಿಸಿಲಲ್ಲಿ ಪೆಟ್ಟಿಗೆಗಳನ್ನೆಲ್ಲ ಹರಡಿ, ನಮ್ಮದನ್ನು ನಾವೇ ಬೆರಳು ತೋರಿಸಬೇಕಿತ್ತು. ಮಕ್ಕಳಿರುವ ಸಂಸಾರದ ಹಿಂದೆ ನಿಲ್ಲಬಾರದು, ಕೈಯಲ್ಲಿ ಬರೀ ಪತ್ರಿಕೆ ಹಿಡಿದವನ ಹಿಂದೆ ನಿಲ್ಲಬೇಕು, ಚಿಲ್ಲರೆ ಮತ್ತು ಬೀಗದ ಕೈ ಮೊದಲೇ ತೆಗೆದಿಟ್ಟುಕೊಂಡಿರಬೇಕು. ಇದನ್ನೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ಎಲ್ಲಕ್ಕಿಂತ ಮುಖ್ಯ, ಮೂರು ಗಂಟೆಯ ವಿಮಾನಕ್ಕೆ ಹತ್ತೂವರೆಗೆ ನಾನು ಅಲ್ಲಿರಬೇಕು.

ಈ ಅಭ್ಯಾಸ ಹಾಸ್ಟೆಲಿನಿಂದ ಬಂದದ್ದು. ಓದಿನ ಕಾಲದಲ್ಲಿ ಹಾಸನದ ಒಂದು ಉಚಿತ ಹಾಸ್ಟೆಲಿನಲ್ಲಿದ್ದೆ. ನಾಲ್ಕೂವರೆಗೆ ಗಂಟೆ, ಐದಕ್ಕೆ ಬಾವಿಯ ಹತ್ತಿರ ಸ್ನಾನ, ಊಟದ ಮನೆಯ ಬಾಗಿಲು ಒಂಬತ್ತಕ್ಕೆ ಸರಿಯಾಗಿ ಮುಚ್ಚುವುದು. ಮುಚ್ಚಿದ ಮೇಲೆ ತಟ್ಟಿದರೂ ತೆರೆಯುತ್ತಿರಲಿಲ್ಲ. ಎರಡು ಸಲ ಹಸಿದುಕೊಂಡು ಪಾಠ ಕೇಳಿದ್ದೇನೆ. ಮೂರನೆಯ ಸಲ ಆಗಲು ನಾನು ಬಿಡಲಿಲ್ಲ.

ನಮ್ಮ ಕಡೆಯ ಇನ್ನೊಂದು ಪದ್ಧತಿಯನ್ನೂ ಇಲ್ಲಿ ಹೇಳಬೇಕು. ಸಾಲಿನಲ್ಲಿ ನಿಲ್ಲುವುದೆಂದರೆ ನಾವೇ ನಿಲ್ಲಬೇಕೆಂದಿಲ್ಲ. ನಮ್ಮ ವಸ್ತು ನಿಂತರೆ ಸಾಕು. ಹೊಳೆನರಸೀಪುರದಲ್ಲಿ ಸೀಮೆಎಣ್ಣೆ ಬರುವ ದಿನ ಬೆಳಗ್ಗೆಯೇ ಡಿಪೋ ಮುಂದೆ ಡಬ್ಬಗಳ ಸಾಲು ಇರುತ್ತಿತ್ತು, ಜನ ಎದುರಿನ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಹಾಸನದ ಮಂಡಿಯಲ್ಲಿ ಬಿತ್ತನೆ ಗೆಡ್ಡೆ ಹಂಚುವ ದಿನ ಗೇಟಿನಿಂದ ರಸ್ತೆಯ ತಿರುವಿನವರೆಗೆ ಚಪ್ಪಲಿ, ಟವಲು, ಕಲ್ಲು, ಬುತ್ತಿಯ ಚೀಲ. ಅರಕಲಗೂಡಿನಿಂದ ಬಂದವನು ತನ್ನ ಚಪ್ಪಲಿ ಇಟ್ಟು ಬರಿಗಾಲಲ್ಲಿ ಊಟಕ್ಕೆ ಹೋಗಿ ಬಂದರೂ ಅವನ ಜಾಗಕ್ಕೆ ಮೋಸವಿರಲಿಲ್ಲ. ಒಬ್ಬನ ಚಪ್ಪಲಿಯನ್ನು ಇನ್ನೊಬ್ಬ ಹಿಂದಕ್ಕೆ ತಳ್ಳಿದ್ದನ್ನು ನಾನು ನೋಡಿಲ್ಲ. ವಿಮಾನ ನಿಲ್ದಾಣದಲ್ಲೂ ನಾನು ಹಾಗೆಯೇ ಮಾಡುತ್ತಿದ್ದೆ. ಯಂತ್ರ ಚಾಲೂ ಆಗುವ ಮೊದಲೇ ಅದರ ಬಾಯಿಗೆ ಎದುರಾಗಿ ನನ್ನ ಸೂಟ್‌ಕೇಸು ಇಟ್ಟು, ಕಾಫಿಗೆ ಹೋಗುತ್ತಿದ್ದೆ. ಮೊದಮೊದಲು ಯಾರೂ ಏನೂ ಅನ್ನಲಿಲ್ಲ. ನೋಡಿಕೊಂಡು ಬೇರೆಯವರೂ ಅದರ ಹಿಂದೆ ತಮ್ಮದನ್ನು ಇಡುತ್ತಿದ್ದರು.

ಈಗ ಆ ವರ್ಷದ ವಿಷಯ. ಎರಡು ಸಾವಿರದ ಇಸವಿಯ ಆಚೀಚೆ. ಅದರ ಹಿಂದಿನ ವರ್ಷ ನಾನು ತಂದ ಬಿತ್ತನೆಯಲ್ಲಿ ಒಂದು ಭಾಗ ಅರಕಲಗೂಡಿನ ಹೊಲಗಳಲ್ಲಿ ಮಣ್ಣಿನೊಳಗೇ ಕೊಳೆತಿತ್ತು. ಸಂಘದ ಸಭೆಯಲ್ಲಿ ಕೂಗಾಟವಾಯಿತು. ಹವಾಮಾನ ಎಂದರು ಕೆಲವರು, ಲಾರಿಯಲ್ಲಿ ಶಾಖ ಹೊಡೆಯಿತು ಎಂದರು ಕೆಲವರು. ನಾನು ಬಾಯಿ ಬಿಡಲಿಲ್ಲ. ನಿಜ ನನಗೊಬ್ಬನಿಗೇ ಗೊತ್ತಿತ್ತು: ಆ ಸಲ ಜಲಂಧರದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಕೊನೆಯ ಎರಡು ಅಟ್ಟಿಯ ಚೀಲಗಳನ್ನು ನಾನು ಬಿಚ್ಚಿಸಿರಲಿಲ್ಲ. ಸಮಯವಿತ್ತು. ಆದರೆ ದೆಹಲಿಯ ನಿಲ್ದಾಣಕ್ಕೆ ನಾಲ್ಕು ಗಂಟೆ ಮೊದಲು ಮುಟ್ಟಬೇಕೆಂಬ ಚಡಪಡಿಕೆ ಹಿಡಿದು, ಮೇಲಿಂದ ಮೇಲೆ ನೋಡಿ ಒಪ್ಪಿಗೆ ಹಾಕಿ ಹೊರಟುಬಿಟ್ಟಿದ್ದೆ. ಅಲ್ಲಿಗೆ ಹೋಗಿ ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದೆ.

ಸಭೆಯ ತೀರ್ಮಾನವೆಂದರೆ, ಈ ವರ್ಷ ಕಾರ್ಯದರ್ಶಿಯ ಜೊತೆಗೆ ರೈತರೊಬ್ಬರು ಹೋಗಬೇಕು. ಆರಿಸಿದ್ದು ರಾಮನಾಥಪುರದ ದಾರಿಯ ಒಂದು ಹಳ್ಳಿಯ ಗೌಡರನ್ನು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗೆಡ್ಡೆಯನ್ನು ಅಡ್ಡ ಕೊಯ್ದು, ಮೂಗಿಗೆ ಹಿಡಿದು, ಇದು ಹುಟ್ಟುತ್ತದೆ ಇದು ಹುಟ್ಟುವುದಿಲ್ಲ ಎನ್ನುತ್ತಿದ್ದರು. ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅವರಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು, ವಿಮಾನವನ್ನು ಹತ್ತಿರದಿಂದ ನೋಡಿದವರೂ ಅಲ್ಲ. ಕೋಲ್ಡ್ ಸ್ಟೋರೇಜಿನವರು ನಾವು ಹೊರಟ ಮಾರನೆಯ ದಿನ ಬೆಳಗ್ಗೆ ಎಂಟು ಗಂಟೆಯ ಹೊತ್ತು ಕೊಟ್ಟಿದ್ದರು. ನಾವು ಆ ಹೊತ್ತಿಗೆ ಹೋಗದಿದ್ದರೆ ಹಿಂದೆ ಕಾದಿದ್ದ ಬೇರೆ ಜಿಲ್ಲೆಯವರು ಒಳ್ಳೆಯದನ್ನು ಆರಿಸಿಕೊಂಡುಬಿಡುತ್ತಾರೆ. ಉಳಿದದ್ದೇ ನಮಗೆ ಗತಿ. ಎರಡನೆಯ ವರ್ಷವೂ ಬಿತ್ತನೆ ಕೊಳೆತರೆ ನಮ್ಮ ರೈತರು ಸಂಘದ ಕಡೆ ತಲೆ ಹಾಕುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಹಾಸನದಿಂದ ಬೆಳಗ್ಗೆ ಐದರ ಬಸ್ಸು. ಚನ್ನರಾಯಪಟ್ಟಣದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಗೌಡರು ಇಳಿದು, ಮುಖ ತೊಳೆದು, ಇಡ್ಲಿ ತಿಂದು, ಟೀ ಆರಿಸಿಕೊಂಡು ಕುಡಿದು ಬರುವಾಗ ಹದಿನಾಲ್ಕು ನಿಮಿಷವಾಗಿತ್ತು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡು ಕಂಡಕ್ಟರನನ್ನು ಮಾತಿಗೆಳೆದು ಬಸ್ಸು ಹಿಡಿದಿಟ್ಟಿದ್ದೆ. ಒಳಗೆ ಕೂತ ಮೇಲೆ ಗೌಡರು ನನ್ನ ಕಡೆ ತಿರುಗಿದರು.

“ಯಾಕ್ ಸಾ ಅಂಗ್ ಒದ್ದಾಡ್ತೀರ? ಇಮಾನ ಮೂರ್ ಗಂಟೆಗಲ್ವಾ?”

ಮೂರು ಗಂಟೆಗೆ ಹೊರಡುವುದು, ನಾವು ಮೊದಲೇ ಇರಬೇಕು ಎಂದೆ. ಆಮೇಲೆ ದಾರಿಯುದ್ದಕ್ಕೂ ಅವರಿಗೆ ಸಾಲುಗಳ ಪಾಠ ಮಾಡಿದೆ. ನನ್ನ ಸೂಟ್‌ಕೇಸು ಯಾವಾಗಲೂ ಮೊದಲನೆಯದು, ಅಲ್ಲಿಟ್ಟು ಬಂದರೆ ಸಾಕು, ಒಬ್ಬರೂ ಮುಟ್ಟುವುದಿಲ್ಲ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಗೌಡರು ತಲೆಯಾಡಿಸಿದರು. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಹತ್ತೂ ಮುಕ್ಕಾಲಿಗೆ ನಿಲ್ದಾಣದೊಳಗಿದ್ದೆವು. ಹದಿನೈದು ನಿಮಿಷ ತಡ. ಎಕ್ಸ್-ರೇ ಯಂತ್ರ ಇನ್ನೂ ಶುರುವಾಗಿರಲಿಲ್ಲ, ಮುಂದೆ ಯಾರೂ ಇರಲಿಲ್ಲ. ನನ್ನ ಸೂಟ್‌ಕೇಸು, ಅದರ ಹಿಂದೆ ಗೌಡರ ದಪ್ಪ ಬಟ್ಟೆಯ ಚೀಲ. ಜಲಂಧರಕ್ಕೆ ಫೋನು ಮಾಡಿ ನಾವು ಹೊರಟಿದ್ದೇವೆಂದು ತಿಳಿಸಬೇಕಿತ್ತು, ಹನ್ನೊಂದಕ್ಕೆ ನನ್ನ ಕಾಫಿಯೂ ಆಗಬೇಕಿತ್ತು. ಜಾಗ ಬಿಡಬೇಡಿ, ಹತ್ತು ನಿಮಿಷದಲ್ಲಿ ಬರ್ತೀನಿ ಎಂದು ಹೇಳಿ ಹೋದೆ.

ಫೋನಿನ ಬೂತಿನ ಮುಂದೆಯೂ ಸಾಲು. ಆರು ಜನ. ಹಿಂತಿರುಗುವಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. ಯಂತ್ರದ ಮುಂದೆ ಗುಂಡಗೆ ಖಾಲಿ ಜಾಗ. ನಡುವೆ ನನ್ನ ಸೂಟ್‌ಕೇಸು, ಗೌಡರ ಚೀಲ, ಚೀಲದ ಹಿಂದೆ ಒಂದು ಜೊತೆ ಎಕ್ಕಡ, ತುದಿ ಯಂತ್ರದ ಕಡೆಗೆ. ಸುತ್ತ ಹಗ್ಗ ಹಿಡಿದು ಪೊಲೀಸರು. ಅದರಾಚೆ ಪ್ರಯಾಣಿಕರ ಗುಂಪು. ಧ್ವನಿವರ್ಧಕದಲ್ಲಿ ಹಿಂದಿ ಇಂಗ್ಲಿಷಿನಲ್ಲಿ ಯಾರ ಸಾಮಾನು ಎಂದು ಎಷ್ಟೋ ಸಲ ಕೇಳಿದ್ದರಂತೆ, ಹೊರಗಿನ ಬೂತಿನಲ್ಲಿದ್ದ ನನಗೆ ಅದು ಕೇಳಿಸಿರಲಿಲ್ಲ. ಆ ವರ್ಷದ ಹೊತ್ತಿಗೆ ಕಾವಲು ಬಿಗಿಯಾಗಿತ್ತು, ವಾರಸುದಾರರಿಲ್ಲದ ಪೆಟ್ಟಿಗೆ ಎಂದರೆ ಎಲ್ಲರಿಗೂ ಒಂದೇ ಯೋಚನೆ. ಅದು ನನಗೆ ತಿಳಿದಿತ್ತು, ಆದರೆ ನನ್ನ ಪೆಟ್ಟಿಗೆಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ.

ಅಷ್ಟರಲ್ಲಿ ದೂರದ ಗಾಜಿನ ಗೋಡೆಯ ಕಡೆಯಿಂದ ಗೌಡರು ಬರಿಗಾಲಲ್ಲಿ ನಿಧಾನವಾಗಿ ನಡೆದು ಬಂದರು. ವಿಮಾನ ನೋಡಲು ಹೋಗಿದ್ದರು. ನೇರ ಹಗ್ಗದ ಒಳಗೆ ಕಾಲಿಟ್ಟರು. ಹೆಡ್ ಕಾನ್‌ಸ್ಟೇಬಲ್ ಒಬ್ಬ ಅವರ ತೋಳು ಹಿಡಿದು ನಿಲ್ಲಿಸಿದ. ಮಾತಿನ ಧಾಟಿ ನೋಡಿದರೆ ಮಂಡ್ಯದ ಕಡೆಯವನಿರಬೇಕು.

“ಯಾರ್ದಯ್ಯ ಈ ಎಕ್ಕಡ?”

“ನಂದೇ ಸಾ.”

“ಇಲ್ಯಾಕ್ ಬುಟ್ಟೆ?”

“ಜಾಗಕ್ಕೆ ಸಾ.”

“ಜಾಗಕ್ಕಾ? ಇದೇನ್ ಸೀಮೆಣ್ಣೆ ಡಿಪೋ ಅನ್ಕಂಡ್ಯಾ?”

ಗುಂಪಿನಲ್ಲಿ ಯಾರೋ ನಕ್ಕರು. ಆ ಪದ್ಧತಿ ಹೆಡ್ ಕಾನ್‌ಸ್ಟೇಬಲ್‌ಗೆ ಚೆನ್ನಾಗಿ ಗೊತ್ತಿತ್ತೆಂಬುದು ಅವನ ಮಾತಿನಲ್ಲೇ ಇತ್ತು. ಆದರೆ ಸುದ್ದಿ ಮೇಲಿನವರಿಗೆ ಹೋಗಿ ಆಗಿತ್ತು. ಇನ್ನು ಅವನ ಕೈಯಲ್ಲೇನೂ ಇರಲಿಲ್ಲ. ನಮ್ಮಿಬ್ಬರನ್ನೂ ಪಕ್ಕದ ಒಂದು ಕೋಣೆಯಲ್ಲಿ ಕೂರಿಸಿದರು. ಸಾಮಾನು ಪರೀಕ್ಷಿಸುವ ತಂಡ ಬರುವವರೆಗೆ ಯಾರೂ ಏನೂ ಮುಟ್ಟುವಂತಿಲ್ಲ. ತಂಡ ಬಂದು ಚೀಲವನ್ನು ಯಂತ್ರಕ್ಕೆ ಹಾಕಿದಾಗ ಪರದೆಯ ಮೇಲೆ ಹತ್ತು ದುಂಡನೆಯ ಕಪ್ಪು ಉಂಡೆಗಳೂ ಒಂದು ಚಾಕುವೂ ಕಂಡವಂತೆ. ಉಂಡೆಗಳು, ಜಲಂಧರದ ಗೆಡ್ಡೆಗೆ ಹೋಲಿಸಿ ನೋಡಲು ಗೌಡರು ಮನೆಯಿಂದ ತಂದ ಗೆಡ್ಡೆಗಳು. ಚಾಕು, ಅವನ್ನು ಕೊಯ್ಯುವುದಕ್ಕೆ. ಒಂದೊಂದನ್ನೂ ಹೊರಗೆ ತೆಗೆದು ಸಾಲಾಗಿ ಇಟ್ಟು ನೋಡಿದರು. ಅದಾದ ಮೇಲೆ ಹೇಳಿಕೆ ಬರೆಸಬೇಕು ಎಂದರು. ಬರೆಸಿಕೊಳ್ಳುವ ಇನ್ಸ್‌ಪೆಕ್ಟರು ಊಟಕ್ಕೆ ಹೋಗಿದ್ದರು.

ಆ ಕೋಣೆಯ ಗೋಡೆಯ ಮೇಲೊಂದು ಗಡಿಯಾರ. ಹನ್ನೆರಡೂವರೆ. ಒಂದು. ನಾನು ಎದ್ದು ಬಾಗಿಲವರೆಗೆ ಹೋಗುತ್ತಿದ್ದೆ, ಹೊರಗೆ ನಮ್ಮ ವಿಮಾನದ ಸಾಲು ಕಾಣುತ್ತಿತ್ತು, ಎಣಿಸುತ್ತಿದ್ದೆ. ಮೂವತ್ತೆಂಟು ಜನ. ಮತ್ತೆ ಬಂದು ಕೂರುತ್ತಿದ್ದೆ. ಮತ್ತೆ ಹೋಗುತ್ತಿದ್ದೆ. ಇಪ್ಪತ್ತೊಂದು. ಹನ್ನೆರಡು. ಸಾಲು ಕರಗುವುದನ್ನು ನೋಡಿ ಹಾಗೆ ಸಂಕಟಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಕೊನೆಗೆ ತಡೆಯಲಾರದೆ ಗೌಡರ ಮೇಲೆ ಹರಿಹಾಯ್ದೆ. ನಿಂತುಕೊಳ್ಳಿ ಎಂದು ಹೇಳಿ ಹೋಗಿದ್ದೆ, ಒಂದು ಕಡೆ ಹತ್ತು ನಿಮಿಷ ನಿಲ್ಲಲು ಆಗದಿದ್ದರೆ ಯಾಕೆ ಬರಬೇಕಿತ್ತು ಎಂದೆ.

ಗೌಡರು ಸಿಟ್ಟಾಗಲಿಲ್ಲ. “ನೀವೇ ಅಂದ್ರಲ್ಲ ಸಾ ಬಸ್ನಲ್ಲಿ, ಪೆಟ್ಗೆ ಇಟ್ರೆ ಸಾಕು ಅಂತ. ಅದ್ಕೆ ಎಕ್ಕಡಾನೂ ಬುಟ್ಟೆ, ಭದ್ರಕ್ಕಿರ್ಲಿ ಅಂತ.”

ಒಂದೂ ಮುಕ್ಕಾಲಿಗೆ ಇನ್ಸ್‌ಪೆಕ್ಟರು ಬಂದರು. ಸಾಮಾನನ್ನು ಹಾಗೆ ಬಿಟ್ಟು ಹೋಗುವಂತೆ ಯಾರು ಹೇಳಿದ್ದು ಎಂದು ಕೇಳಿದಾಗ, ನಾನು, ಎಂದೆ. ಬರೆದುಕೊಂಡರು. ಎರಡು ಪ್ರತಿ. ಇಬ್ಬರ ಸಹಿ. ಚಾಕು ಅವರ ಹತ್ತಿರವೇ ಉಳಿಯಿತು, ಗೆಡ್ಡೆ ವಾಪಸು ಕೊಟ್ಟರು. ಓಡಿಕೊಂಡು ಹೋಗಿ ನೋಡಿದರೆ ಕೌಂಟರು ಮುಚ್ಚಿತ್ತು. ಅಲ್ಲಿದ್ದ ಹುಡುಗಿ ಗಡಿಯಾರದ ಕಡೆ ಕೈ ತೋರಿಸಿ ಎರಡೂ ಕಾಲಾಯಿತು ಎಂದಳು. ಅವಳ ಜಾಗದಲ್ಲಿ ನಾನಿದ್ದರೂ ತೆರೆಯುತ್ತಿರಲಿಲ್ಲ.

ಸಂಜೆ ಆರೂ ಮುಕ್ಕಾಲಿಗೆ ದೆಹಲಿಗೆ ಇನ್ನೊಂದು ವಿಮಾನ. ಅದು ತುಂಬಿದೆ, ಯಾರಾದರೂ ಬಾರದಿದ್ದರೆ ಜಾಗ ಕೊಡುತ್ತೇವೆ ಎಂದು ನಮ್ಮ ಹೆಸರು ಬರೆದುಕೊಂಡರು. ಮೊದಲನೆಯದು ನನ್ನದು, ಎರಡನೆಯದು ಗೌಡರದು. ಅದರಲ್ಲಿ ಹೋದರೂ ತಡರಾತ್ರಿಯ ರೈಲೊಂದನ್ನು ಹಿಡಿದು ಎಂಟು ಗಂಟೆಗೆ ಜಲಂಧರ ಮುಟ್ಟಬಹುದಿತ್ತು. ಅದೂ ತಪ್ಪಿದರೆ ಮಾರನೆಯ ಬೆಳಗಿನ ವಿಮಾನ. ಅದರಲ್ಲಿ ಜಾಗವಿತ್ತು, ಆದರೆ ಮುಟ್ಟುವಾಗ ಸಂಜೆ. ಅಷ್ಟರಲ್ಲಿ ಗೆಡ್ಡೆ ಬೇರೆಯವರ ಪಾಲಾಗಿರುತ್ತದೆ.

ಕೌಂಟರಿನ ಎದುರಿನ ಬೆಂಚಿನಲ್ಲಿ ಕೂತೆವು. ಈ ಸಲ ಸಾಮಾನು ನಮ್ಮ ಕಾಲುಗಳ ನಡುವೆ. ಮೂರು ಗಂಟೆಗೆ ನಮ್ಮ ವಿಮಾನ ಎದ್ದ ಸದ್ದು ಕೇಳಿಸಿತು. ಗೌಡರು ಕುತ್ತಿಗೆ ಎತ್ತಿ ಛಾವಣಿ ನೋಡಿದರು. ಆಗ ಅವರು ಕೇಳಿದ್ದು:

“ಓದ್ವರ್ಸ ಎಲ್ಲಾ ಚೀಲಾನೂ ಬಿಚ್ಚಿ ನೋಡಿದ್ರಾ ಸಾ?”

ಇಲ್ಲ ಎಂದೆ. ಕೊನೆಯ ಎರಡು ಅಟ್ಟಿ ನೋಡಲಿಲ್ಲ, ವಿಮಾನಕ್ಕೆ ಹೊತ್ತಾಗುತ್ತದೆಂದು ಬಂದುಬಿಟ್ಟೆ ಎಂದೆ. ಸಭೆಯಲ್ಲಿ ಹೇಳಲಾರದ್ದನ್ನು, ಮನೆಯಲ್ಲೂ ಹೇಳದಿದ್ದುದನ್ನು, ಆ ಗದ್ದಲದಲ್ಲಿ ಅವರೊಬ್ಬರಿಗೆ ಹೇಳಿದೆ. ಅವರು ನನ್ನ ಕಡೆ ತಿರುಗಲಿಲ್ಲ.

“ಗೊತ್ತಿತ್ತು ಕಣ್ ಸಾ. ಮೊದಲ್ನೇ ಲಾರೀದು ಸೊಗಸಾಗ್ ಬಂತು, ಕೊನೇ ಲಾರೀದು ಅಷ್ಟೂ ಕೊಳ್ತೋಯ್ತು. ಗೆಡ್ಡೆ ಲಾರಿ ನೋಡ್ಕಂಡು ಕೊಳ್ಯಲ್ಲ. ನೋಡ್ತಿದ್ದೋನು ನಡುವ್ನಲ್ಲಿ ಎದ್ದೋಗವ್ನೆ ಅಂತ ಅವತ್ತೇ ಅನ್ಕಂಡೆ.”

ಮತ್ತೆ ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಯೋಳುದ್ರೆ ನಿಮ್ಮುನ್ ಕಿತ್ತಾಕೋರು. ಇನ್ನೊಬ್ಬುನ್ ಕಳ್ಸೋರು. ಅವ್ನು ಎದ್ ಬರಲ್ಲ ಅಂತ ಏನ್ ಗ್ಯಾರಂಟಿ? ಅದ್ಕೆ ನಾನೇ ಬತ್ತೀನಿ ಅಂದೆ.”

ಅಷ್ಟು ಹೇಳಿ ಚೀಲದಿಂದ ರೊಟ್ಟಿ ತೆಗೆದು ಅರ್ಧ ನನಗೆ ಕೊಟ್ಟರು. ನಾನು ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ತಿನ್ನುವವನಲ್ಲ. ಅಂದು ತಿಂದೆ.

ಆರು ಗಂಟೆಗೆ ನಾಲ್ಕು ನಿಮಿಷವಿದ್ದಾಗ ಕೌಂಟರಿನ ಹುಡುಗಿ ನನ್ನ ಹೆಸರು ಕರೆದಳು. ಒಬ್ಬರು ಬಂದಿಲ್ಲ, ಒಂದೇ ಸೀಟು ಇದೆ ಎಂದಳು. ನನ್ನ ಹಿಂದೆ ಇನ್ನೂ ಐದಾರು ಜನ ಕಾಯುತ್ತಿದ್ದರು. ಟಿಕೆಟ್ ಹಿಡಿದ ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಮೊದಲನೆಯವನು ಮೊದಲು, ಅಷ್ಟು ವರ್ಷ ನಾನು ನಂಬಿ ಬದುಕಿದ್ದು ಅದನ್ನೇ. ಹಿಂದಿ ಬರುವುದು ನನಗೆ, ದಾರಿ ಗೊತ್ತಿರುವುದು ನನಗೆ, ಸಹಿ ಹಾಕುವವನೂ ನಾನೇ. ಆದರೆ ಸಹಿ ಒಂದು ದಿನ ಕಾಯಬಹುದಿತ್ತು, ಆರಿಸುವುದು ಕಾಯುವಂತಿರಲಿಲ್ಲ. ಮಾತು ಬಂದರೂ ನನಗೆ ಗೆಡ್ಡೆಯ ವಾಸನೆ ಅವರಷ್ಟು ತಿಳಿಯದು. ಅದಕ್ಕಿಂತ ಹೆಚ್ಚಾಗಿ, ಒಬ್ಬನೇ ಹೋದರೆ ನಾನು ಮತ್ತೆ ಎದ್ದು ಬರುವುದಿಲ್ಲ ಎಂಬ ನಂಬಿಕೆ ನನಗೇ ಇರಲಿಲ್ಲ.

ನನ್ನ ಟಿಕೆಟ್ ಹಿಂದಕ್ಕೆ ತೆಗೆದುಕೊಂಡು ಗೌಡರದನ್ನು ಕೊಟ್ಟೆ. ನನ್ನ ಬದಲು ಇವರು ಹೋಗುತ್ತಾರೆ ಎಂದೆ. ಗೌಡರು ನನ್ನ ತೋಳು ಹಿಡಿದುಕೊಂಡರು.

“ನಾನೊಬ್ನೇನಾ ಸಾ? ಅಲ್ಲಿ ಯಾರ್ನ ಏನಂತ ಕೇಳ್ಲಿ?”

ಕೇಳಬೇಡಿ, ಈ ಚೀಟಿ ತೋರಿಸಿ ಎಂದೆ. ನಿಂತಲ್ಲೇ ಮೂರು ಚೀಟಿ ಬರೆದೆ, ಹಿಂದಿಯಲ್ಲೂ ಇಂಗ್ಲಿಷಿನಲ್ಲೂ. ರೈಲು ನಿಲ್ದಾಣಕ್ಕೆ ಒಂದು, ಜಲಂಧರದಲ್ಲಿ ಇಳಿಯಲು ಒಂದು, ಕೋಲ್ಡ್ ಸ್ಟೋರೇಜಿನ ಮ್ಯಾನೇಜರಿಗೆ ಒಂದು: ಇವರು ಬೇಡವೆಂದ ಚೀಲ ನಮಗೆ ಬೇಡ. ಚೀಟಿ ಸಾಲದೆಂದು ತೋರಿತು. ಅದೇ ವಿಮಾನಕ್ಕೆ ಹೊರಟಿದ್ದ ವಯಸ್ಸಾದ ಸರ್ದಾರ್ಜಿಯೊಬ್ಬರು ಪಕ್ಕದ ಸಾಲಿನ ಕೊನೆಯಲ್ಲಿದ್ದರು. ಹತ್ತು ವರ್ಷ ಆ ನಿಲ್ದಾಣದಲ್ಲಿ ನಿಂತಿದ್ದೇನೆ, ಸಾಲಿನಲ್ಲಿರುವವರನ್ನು ಎಣಿಸಿದ್ದೆನೇ ಹೊರತು ಒಬ್ಬರನ್ನೂ ಮಾತಾಡಿಸಿದವನಲ್ಲ. ಅವರ ಹತ್ತಿರ ಹೋಗಿ ವಿಷಯ ಹೇಳಿದೆ. ತಾನೂ ಆ ಕಡೆಯವನೇ, ರೈಲು ಹತ್ತಿಸಿಯೇ ದೆಹಲಿಯ ಮನೆಗೆ ಹೋಗುತ್ತೇನೆ ಎಂದರು. ಗೌಡರ ಬೆನ್ನ ಮೇಲೆ ಕೈಯಿಟ್ಟು ಮುಂದೆ ನಡೆಸಿಕೊಂಡು ಹೋದರು. ತಪಾಸಣೆಯ ಬಾಗಿಲಲ್ಲಿ ಗೌಡರು ಒಮ್ಮೆ ತಿರುಗಿ ನೋಡಿದರು. ಅವರ ಮುಂದೆ ಹನ್ನೊಂದು ಜನ ಇದ್ದರು.

ಬೆಳಗಿನ ವಿಮಾನಕ್ಕೆ ನಾನು ಎಷ್ಟು ಬೇಗ ಹೋಗಿ ನಿಂತೆ ಎಂದು ಬರೆಯುವುದಿಲ್ಲ. ಸೂಟ್‌ಕೇಸಿನ ಹಿಡಿ ಕೈಯಿಂದ ಬಿಡಲಿಲ್ಲ. ದಾರಿಯುದ್ದಕ್ಕೂ, ರೈಲಿನಲ್ಲೂ, ಕಣ್ಣ ಮುಂದೆ ಒಂದೇ ಚಿತ್ರ: ಯಾವುದೋ ಸ್ಟೇಷನ್ನಿನಲ್ಲಿ ಇಳಿದು, ಚೀಟಿ ಕಳೆದುಕೊಂಡು, ಯಾರ ಮಾತೂ ತಿಳಿಯದೆ ನಿಂತ ಮನುಷ್ಯ.

ಜಲಂಧರದ ಆ ಕೋಲ್ಡ್ ಸ್ಟೋರೇಜಿಗೆ ಹೋದಾಗ ಸಂಜೆ ಐದು. ಶೆಡ್ಡಿನ ನೆಲದ ಮೇಲೆ ಗೌಡರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎಂಟು ಗಂಟೆಗೆ ಹತ್ತು ನಿಮಿಷವಿರುವಾಗಲೇ ಬಂದರಂತೆ. ಸುತ್ತ ನಾಲ್ಕು ಜನ ಕೂಲಿಗಳು. ಯಾರದೋ ಚಾಕು ಇಸಿದುಕೊಂಡಿದ್ದರು. ಒಂದು ಗೆಡ್ಡೆ ಕೊಯ್ಯುವುದು, ಮೂಸುವುದು, ಎಡಕ್ಕೋ ಬಲಕ್ಕೋ ಕೈ ಬೀಸುವುದು. ಕೂಲಿಗಳು ಆ ಕೈ ನೋಡಿ ಚೀಲ ಎಳೆಯುತ್ತಿದ್ದರು. ಮ್ಯಾನೇಜರು ನನ್ನನ್ನು ಕಂಡವನೇ ದೂರಿದ. ಅರ್ಧಕ್ಕರ್ಧ ತಿರಸ್ಕರಿಸಿದ್ದಾರೆ, ಹೀಗೆ ಒಂದೊಂದೇ ಬಿಚ್ಚುವವರನ್ನು ಕಂಡಿಲ್ಲ, ನೀವು ಬೇಗ ಮುಗಿಸುವವರು ಸ್ವಲ್ಪ ಹೇಳಿ ಎಂದ. ಅವನು ಹೊಗಳಿದ್ದೇ, ಆದರೆ ನನಗೆ ಮುಖ ಎತ್ತಲಾಗಲಿಲ್ಲ.

ಗೌಡರು ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಇನ್ನೂ ಎರಡ್ ದಿನ ಆಯ್ತದೆ ಸಾ. ನಿಮ್ ಇಮಾನ ಯಾವಾಗ?”

ನಾಳೆ ಎಂದೆ. ಟಿಕೆಟನ್ನು ಮುಂದಕ್ಕೆ ಹಾಕಿಸುತ್ತೇನೆ ಎಂದೆ. ಕೋಟು ತೆಗೆದು ನೇತುಹಾಕಿ ಅವರ ಪಕ್ಕ ಕೂತು ಚೀಲದ ಹೊಲಿಗೆ ಬಿಚ್ಚತೊಡಗಿದೆ. ನನ್ನ ಚಡಪಡಿಕೆ ಹೋಯಿತೆಂದು ಹೇಳಲಾರೆ. ಎರಡೂ ದಿನ ಗಡಿಯಾರ ನೋಡುತ್ತಲೇ ಇದ್ದೆ. ನಡುವೆ ಎದ್ದು ಬಾಗಿಲವರೆಗೆ ಹೋಗುತ್ತಿದ್ದೆ, ಬೆಳಕು ನೋಡಿ ಮತ್ತೆ ಬಂದು ಕೂರುತ್ತಿದ್ದೆ. ಗೌಡರು ತಲೆ ಎತ್ತದೆ ಇನ್ನೊಂದು ಗೆಡ್ಡೆ ಕೈಗೆ ಕೊಡುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಕೊನೆಯ ಅಟ್ಟಿಯ ಕೊನೆಯ ಚೀಲ ಬಿಚ್ಚಿದೆವು. ಅದು ಬೇಡವೆಂದು ಗೌಡರು ಕೈ ಬೀಸಿದರು.